ಬರೆಯುವುದು ಯಂತ್ರ, ಸಹಿ ನಮ್ಮದು

ಜಾವಗಲ್ ಸುತ್ತಿನ ತೆಂಗು ಬೆಳೆಗಾರರ ಮನೆಗಳಲ್ಲಿ ಕಾಯಿ ಎಂಟು ಹತ್ತು ತಿಂಗಳು ಅಟ್ಟದ ಮೇಲೇ ಇರುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಸದ್ದು ಬಂದ ಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಅರಸೀಕೆರೆಗೋ ತಿಪಟೂರಿಗೋ ಹಾಕುತ್ತೇವೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತ್ತು. ಆ ವರ್ಷ ಮಾರುಕಟ್ಟೆ ದರ ಅದನ್ನೂ ಮೀರಿ ಏರಿತು. ದರ ಏರಿದಷ್ಟೂ ತೂಕದ ಚೀಟಿಯ ಮೇಲೆ ರೈತರ ಕಣ್ಣು ಹೆಚ್ಚು. ಚೀಟಿಯಲ್ಲಿ ಬರೆದದ್ದನ್ನು ಆಮೇಲೆ ಯಾರೂ ತಿದ್ದಬಾರದು ಅನ್ನುವುದು ನಮ್ಮ ಕಡೆಯ ಬಹಳ ಹಳೆಯ ಆಸೆ.

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಲ್ಲೇ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ. ಬಿಡುವಿನಲ್ಲಿ ಮಾಡುತ್ತಿರುವ ಕೆಲಸ ಒಂದಿದೆ: ಕೊಬ್ಬರಿ ಲಾಟಿನ ತೂಕವನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಪುಟ್ಟ ವ್ಯವಸ್ಥೆ. ಅದನ್ನು ಕಟ್ಟಲು ಎಐ ಏಜೆಂಟ್ ಒಂದನ್ನು ಬ್ಲಾಕ್‌ಚೈನ್ ಅಭಿವೃದ್ಧಿಯ ಪರಿಕರಗಳಿಗೆ ಜೋಡಿಸಿಕೊಂಡಿದ್ದೇನೆ. ಇದರ ಬಗ್ಗೆ ಕೇಳುವವರು ಬಹಳ. ಕೆಲವರಿಗೆ ಇದು ಬಿಟ್‌ಕಾಯಿನ್ ದಂಧೆ, ಇನ್ನು ಕೆಲವರಿಗೆ ಮಾಯಾಜಾಲ. ಎರಡೂ ಅಲ್ಲ. ಒಳಗೆ ಏನು ನಡೆಯುತ್ತದೆಂದು ತಿಳಿದರೆ ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ.

ಬ್ಲಾಕ್‌ಚೈನ್ ಅಂದರೆ ಒಂದೇ ಲೆಕ್ಕದ ಪುಸ್ತಕದ ಪ್ರತಿ ನೂರಾರು, ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇರುವುದು. ಪ್ರತಿ ಹೊಸ ಪುಟದಲ್ಲೂ ಹಿಂದಿನ ಪುಟದ ಗುರುತು ಇರುತ್ತದೆ. ಹಳೆಯದನ್ನು ಒಬ್ಬರು ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆಯಾಗುವುದಿಲ್ಲ, ಉಳಿದವರು ಒಪ್ಪುವುದಿಲ್ಲ. 2015ರ ಜುಲೈನಲ್ಲಿ ಶುರುವಾದ ಎಥೀರಿಯಂ ಇದಕ್ಕೆ ಒಂದು ಮುಖ್ಯ ಸಂಗತಿ ಸೇರಿಸಿತು: ಲೆಕ್ಕದ ಜೊತೆ ನಿಯಮವನ್ನೂ ಪ್ರೋಗ್ರಾಂ ಆಗಿ ಬರೆದಿಡಬಹುದು. ಇದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ‘ಮಾರುವವರೂ ಕೊಳ್ಳುವವರೂ ಇಬ್ಬರೂ ಒಪ್ಪಿದರೆ ಮಾತ್ರ ತೂಕ ಖಾಯಂ’ ಎಂದು ಬರೆದಿಟ್ಟರೆ ಆ ನಿಯಮವನ್ನು ಕಂಪ್ಯೂಟರುಗಳೇ ಪಾಲಿಸುತ್ತವೆ.

ಇದು ನಮ್ಮ ಸೀಮೆಗೆ ತೀರಾ ಹೊಸದೂ ಅಲ್ಲ. ಬಿಟ್‌ಕಾಯಿನ್ ವಹಿವಾಟಿನ ಯೂನೋಕಾಯಿನ್ ಕಂಪನಿ 2013ರಲ್ಲಿ ಹುಟ್ಟಿದ್ದು ಪಕ್ಕದ ತುಮಕೂರಿನಲ್ಲಿ. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಎಕಾ ಎಂಬ ಸಾಫ್ಟ್‌ವೇರ್ ಕಂಪನಿಯ ಜೊತೆಗೂಡಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯೊಂದನ್ನು ಪ್ರಯೋಗಕ್ಕೆ ಬಿಟ್ಟಿತು. ಬೇಲೂರು, ಸಕಲೇಶಪುರದ ತೋಟದವರಿಗೂ ಕೊಳ್ಳುವವರಿಗೂ ನಡುವಿನ ಹಂತಗಳನ್ನು ಕಡಿಮೆ ಮಾಡುವುದು, ಬೀಜ ಯಾವ ತೋಟದ್ದೆಂದು ಕುಡಿಯುವವರಿಗೂ ತಿಳಿಯುವಂತೆ ಮಾಡುವುದು ಅದರ ಉದ್ದೇಶ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ವಿಶ್ವಸ್ಯ’ ಎಂಬ ದೇಶೀ ಬ್ಲಾಕ್‌ಚೈನ್ ವ್ಯವಸ್ಥೆಯನ್ನೂ, ಸ್ಟಾರ್ಟ್‌ಅಪ್ ಮತ್ತು ಕಾಲೇಜುಗಳವರು ಪ್ರಯೋಗ ಮಾಡಲೆಂದು ‘ಎನ್‌ಬಿಎಫ್ ಲೈಟ್’ ಎಂಬ ವೇದಿಕೆಯನ್ನೂ ಬಿಡುಗಡೆ ಮಾಡಿತು.

ಈಗ ಏಜೆಂಟ್ ವಿಷಯ. ಚಾಟ್ ಮಾಡುವ ಎಐ ಮಾತು ಮಾತ್ರ ಆಡುತ್ತದೆ. ಅದಕ್ಕೆ ಕೆಲವು ಪರಿಕರಗಳನ್ನು ಕೊಟ್ಟು, ‘ಈ ಕೆಲಸ ಮುಗಿಸು’ ಎಂದು ಬಿಟ್ಟರೆ ಅದು ಏಜೆಂಟ್. ಹಿಂದೆಲ್ಲ ಪ್ರತಿ ಪರಿಕರಕ್ಕೂ ಬೇರೆ ಬೇರೆ ಜೋಡಣೆ ಬರೆಯಬೇಕಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ ಎಂಬ ಮುಕ್ತ ಮಾನದಂಡ ಹೊರತಂದ ಮೇಲೆ ಈ ತಾಪತ್ರಯ ಕಡಿಮೆಯಾಯಿತು. ಬ್ಲಾಕ್‌ಚೈನ್ ವೇದಿಕೆಯ ಕಡೆಯಿಂದ ಒಂದು ಪಟ್ಟಿ ಬರುತ್ತದೆ: ಖಾತೆಯ ಶಿಲ್ಕು ನೋಡು, ವ್ಯವಹಾರ ಹುಡುಕು, ಕಾಂಟ್ರ್ಯಾಕ್ಟ್ ಕಂಪೈಲ್ ಮಾಡು, ಪರೀಕ್ಷೆ ನಡೆಸು, ಚೈನ್‌ಗೆ ಏರಿಸು. ಎಐ ಆ ಪಟ್ಟಿ ಓದಿ, ಯಾವುದು ಬೇಕೋ ಅದನ್ನು ಕೇಳುತ್ತದೆ. ನಮ್ಮ ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ನಡೆಸಿ ಉತ್ತರ ತಂದುಕೊಡುತ್ತದೆ. ಅಂದರೆ ಎಐ ಯಾವತ್ತೂ ಚೈನನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಒಂದು ಬಾಗಿಲಿದೆ, ಆ ಬಾಗಿಲಿಗೆ ಚಿಲಕ ಹಾಕುವ ಅಧಿಕಾರ ನಮಗಿದೆ. ಇಡೀ ವಿಷಯದ ತಿರುಳು ಇದೇ.

ಕೆಲಸ ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಏಜೆಂಟಿಗೆ ಕನ್ನಡದಲ್ಲೇ ಬರೆದೆ: ‘ಲಾಟು ನಂಬರ್, ಚೀಲದ ಲೆಕ್ಕ, ನಿವ್ವಳ ತೂಕ, ದರ ದಾಖಲಿಸಬೇಕು. ಇಬ್ಬರೂ ಒಪ್ಪಿದ ಮೇಲೆ ಬದಲಾಗಬಾರದು.’ ಕ್ಷಣದಲ್ಲಿ ಸಾಲಿಡಿಟಿ ಭಾಷೆಯಲ್ಲಿ ಕಾಂಟ್ರ್ಯಾಕ್ಟ್ ಸಿದ್ಧವಾಯಿತು. ಆ ಭಾಷೆಯಲ್ಲಿ ದಶಮಾಂಶಕ್ಕೆ ಸರಿಯಾದ ಅನುಕೂಲವಿಲ್ಲ. ಅದಕ್ಕೇ ಅದು ತೂಕವನ್ನು ಗ್ರಾಂನಲ್ಲಿ, ದರವನ್ನು ಪೈಸೆಯಲ್ಲಿ ಇಟ್ಟಿತ್ತು. 47.350 ಕೆಜಿಯ ಚೀಲ 47350 ಎಂದು ಕೂರುತ್ತದೆ. ನಾನು ಹೇಳದೆಯೇ ಇದನ್ನು ನೋಡಿಕೊಂಡದ್ದು ಮೆಚ್ಚುವ ಸಂಗತಿ.

ಅದೇ ಕಾಂಟ್ರ್ಯಾಕ್ಟಿನ ಕೆಳಗೆ, ನಾನು ಕೇಳದ ಇನ್ನೊಂದು ಸವಲತ್ತೂ ಇತ್ತು: ತಪ್ಪಾಗಿ ನಮೂದಾದ ತೂಕವನ್ನು ಕಾಂಟ್ರ್ಯಾಕ್ಟಿನ ಮಾಲೀಕರು ಸರಿಪಡಿಸಬಹುದು. ಉಪಕಾರದ ಬುದ್ಧಿಯಿಂದಲೇ ಸೇರಿಸಿದ್ದು, ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿತ್ತು. ಆದರೆ ರೈತ ಹೆದರುವುದು ಇದಕ್ಕೇ ಅಲ್ಲವೇ? ಇಬ್ಬರೂ ಒಪ್ಪಿದ ತೂಕವನ್ನು ಮೂರನೆಯವರು ಆಮೇಲೆ ತಿದ್ದುವುದು. ಹತ್ತು ಸಾಲಿನ ಆ ಸವಲತ್ತು ಹಾಗೇ ಚೈನ್ ಏರಿದ್ದರೆ ಬ್ಲಾಕ್‌ಚೈನ್ ಅನ್ನುವ ಹೆಸರಷ್ಟೇ ಉಳಿದು ಅದರ ಗುಣ ಹೋಗಿಬಿಡುತ್ತಿತ್ತು. ಅದನ್ನು ತೆಗೆಸಿ ಬೇರೆ ಕ್ರಮ ಬರೆಸಿದೆ: ತಪ್ಪಾದರೆ ಹೊಸ ನಮೂದು, ಹಳೆಯದೂ ಕಾಣುವಂತಿರಬೇಕು, ಎರಡಕ್ಕೂ ಇಬ್ಬರ ಸಹಿ ಬೇಕು. ಕೋಡ್ ಬರೆಯುವುದು ಏಜೆಂಟಿಗೆ ಬರುತ್ತದೆ. ಅರಸೀಕೆರೆಯ ಮಾರುಕಟ್ಟೆಯಲ್ಲಿ ಯಾರು ಯಾರನ್ನು ಯಾಕೆ ಅನುಮಾನಿಸುತ್ತಾರೆ ಅನ್ನುವುದು ಅಲ್ಲಿ ಸರಕು ಹಾಕಿದವರಿಗೆ ಗೊತ್ತು. ಹಾಗಾಗಿ ಓದುವ ಕೆಲಸ ನಮ್ಮದು, ಅದನ್ನು ಬಿಟ್ಟುಕೊಡಬಾರದು.

ಚೈನ್ ಏರಿದ ಕೋಡಿನ ತಪ್ಪು ಎಷ್ಟು ದುಬಾರಿ ಅನ್ನುವುದಕ್ಕೆ 2016ರ ಜೂನ್‌ನ ‘ಡಾವೋ’ ಎಂಬ ಹೂಡಿಕೆ ನಿಧಿಯ ಪ್ರಕರಣ ಸಾಕು. ಅದರ ಕಾಂಟ್ರ್ಯಾಕ್ಟಿನಲ್ಲಿದ್ದ ಒಂದು ಲೋಪ ಹಿಡಿದು ಕಳ್ಳರು ಎಥೀರಿಯಂನ ನಾಣ್ಯವಾದ ಈಥರನ್ನು ಸುಮಾರು 36 ಲಕ್ಷದಷ್ಟು ಬಸಿದುಕೊಂಡರು. ಕಡೆಗೆ ಎಥೀರಿಯಂ ಚೈನೇ ಎರಡಾಗಿ ಸೀಳಿತು. ಅದಕ್ಕೇ ಮೊದಲ ಪ್ರಯೋಗಗಳೆಲ್ಲ ಪರೀಕ್ಷಾ ಚೈನ್‌ನಲ್ಲಿ ನಡೆಯಬೇಕು. ನಾನು ಬಳಸುವುದು ಸೆಪೋಲಿಯಾ. ಅಲ್ಲಿನ ಈಥರ್‌ಗೆ ಬೆಲೆಯಿಲ್ಲ, ಪುಕ್ಕಟೆ ಸಿಗುತ್ತದೆ. ಸೆಪೋಲಿಯಾದ ಗುರುತಿನ ಸಂಖ್ಯೆ 11155111, ಅಸಲಿ ಎಥೀರಿಯಂನದು 1. ಎರಡಕ್ಕೂ ನಡುವೆ ಇರುವುದು ಒಂದು ಸಾಲಿನ ವ್ಯತ್ಯಾಸ. ಆ ಸಾಲನ್ನು ಬದಲಿಸುವ ಅನುಮತಿ ನನ್ನ ಏಜೆಂಟಿಗೆ ಇಲ್ಲ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಅದೆಲ್ಲ ಸರಿ ಕಣವ್ವ, ಬರ್ಕೊಳ್ಳೋದು ಅದು. ಸೈನ್ ಮಾಡೋದು ಯಾರು?”

ಈ ಕ್ಷೇತ್ರದ ಪರಿಣತರು ತಲೆಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಬ್ಲಾಕ್‌ಚೈನ್‌ನಲ್ಲಿ ಸಹಿ ಹಾಕುವುದು ಖಾಸಗಿ ಕೀಲಿಯಿಂದ, ಅದು ಒಂದು ದೊಡ್ಡ ಗುಪ್ತ ಸಂಖ್ಯೆ. ಅದನ್ನೇ 12 ಅಥವಾ 24 ಪದಗಳಾಗಿ ಬರೆದಿಟ್ಟುಕೊಳ್ಳುವುದು ರೂಢಿ. ಕೀಲಿ ಇದ್ದವರೇ ಒಡೆಯರು. ಕಳೆದುಹೋದರೆ ಅರ್ಜಿ ಕೊಡಲು ಶಾಖೆಯಿಲ್ಲ, ವಾಪಸು ಕೊಡಿಸಲು ಮ್ಯಾನೇಜರಿಲ್ಲ. ಕೆಲವು ಯುವಕರು ಅವಸರದಲ್ಲಿ ಏಜೆಂಟ್ ಓದುವ ಫೋಲ್ಡರಿನಲ್ಲೇ ಕೀಲಿಯ ಫೈಲನ್ನೂ ಇಟ್ಟುಬಿಡುತ್ತಾರೆ. ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಜಾತ್ರೆಗೆ ಹೋದ ಹಾಗೆ ಅದು.

ಏಜೆಂಟನ್ನು ಮಾತಿನಿಂದಲೇ ದಾರಿ ತಪ್ಪಿಸಬಹುದು ಅನ್ನುವುದೂ ರುಜುವಾತಾಗಿದೆ. 2024ರ ನವೆಂಬರ್‌ನಲ್ಲಿ ‘ಫ್ರೇಸಾ’ ಎಂಬ ಏಜೆಂಟಿಗೆ ಒಂದು ಗಂಟು ಒಪ್ಪಿಸಿ, ಯಾವ ಕಾರಣಕ್ಕೂ ಯಾರಿಗೂ ಕೊಡಬೇಡ ಎಂದು ಆಜ್ಞೆ ಮಾಡಿದ್ದರು. ದುಡ್ಡು ಕಟ್ಟಿ ಸಂದೇಶ ಕಳಿಸಿ ಏಜೆಂಟನ್ನು ಒಪ್ಪಿಸಿದವರಿಗೆ ಗಂಟು ಸೇರುವ ಬಹಿರಂಗ ಪಂದ್ಯ ಅದು. ನೂರಾರು ಸಂದೇಶ ಸೋತವು. 482ನೆಯದು ಗೆದ್ದಿತು. ‘ಹಣ ಕೊಡುವ ಆಜ್ಞೆ ಇರುವುದು ಹಣ ಒಳಗೆ ಬಂದಾಗ ಬಳಸಲಿಕ್ಕೆ’ ಎಂದು ಅದನ್ನು ನಂಬಿಸಿ, ‘ನಾನು 100 ಡಾಲರ್ ಕೊಡುತ್ತೇನೆ’ ಎಂದರು. ಏಜೆಂಟ್ ಸುಮಾರು 47,000 ಡಾಲರನ್ನು ದಾಟಿಸಿಬಿಟ್ಟಿತು. ಹಾಗಾಗಿ ‘ಕೊಡಬೇಡ’ ಎಂದು ಹೇಳಿದರೆ ಸಾಲದು, ಕೊಡಲು ಆಗದಂತೆ ಮಾಡಿರಬೇಕು. ನನ್ನ ಜೋಡಣೆಯಲ್ಲಿ ಏಜೆಂಟ್ ವ್ಯವಹಾರದ ಕರಡು ಸಿದ್ಧಮಾಡುತ್ತದೆ, ಕೀಲಿ ಬೇರೆ ಸಾಧನದಲ್ಲಿದೆ, ಒತ್ತುವುದು ನಾನು.

ಹಾಗೆಂದು ಮನುಷ್ಯನ ಬೆರಳೊಂದೇ ಭದ್ರತೆ ಅಂದುಕೊಳ್ಳುವಂತಿಲ್ಲ. 2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕಳುವಾಯಿತು. ಅಲ್ಲಿ ಒಬ್ಬರಲ್ಲ, ಹಲವರು ಸಹಿ ಮಾಡಬೇಕಿತ್ತು, ಮಾಡಿದರು ಕೂಡ. ಪರದೆ ತೋರಿಸಿದ್ದು ಒಂದು, ಅವರು ಸಹಿ ಮಾಡಿದ್ದು ಇನ್ನೊಂದು. ಓದದೆ ಹಾಕಿದ ಸಹಿಗೂ ಓದಲು ಬಾರದೆ ಒತ್ತಿದ ಹೆಬ್ಬೆಟ್ಟಿಗೂ ವ್ಯತ್ಯಾಸವಿಲ್ಲ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಕುಟುಂಬಗಳ ಕಥೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ.

ಹಾಗಾಗಿ ನನ್ನ ಈಗಿನ ಕೆಲಸವೆಲ್ಲ ಸಹಿಗೆ ಮುಂಚಿನ ಆ ಒಂದು ಪರದೆಯ ಮೇಲೆ. ಅಪ್ಪ ಫೋನಿನಲ್ಲಿ ಒತ್ತುವ ಮುನ್ನ ‘ಲಾಟು 12, ಚೀಲ 8, ನಿವ್ವಳ ತೂಕ 378.800 ಕೆಜಿ, ಒಪ್ಪುತ್ತೀರಾ?’ ಎಂದು ದಪ್ಪ ಅಕ್ಷರದ ಕನ್ನಡದಲ್ಲಿ ಬರಬೇಕು. ಈ ಸಾಲನ್ನು ಏಜೆಂಟ್ ಬರೆಯಕೂಡದು. ಸಹಿಯಾಗಲಿರುವ ದತ್ತಾಂಶದಿಂದಲೇ ಅದು ನೇರವಾಗಿ ಮೂಡಬೇಕು. ಎಥೀರಿಯಂನಲ್ಲಿ ಇದಕ್ಕೆ ಇಐಪಿ-712 ಎಂಬ ಮಾನದಂಡ ಆಗಲೇ ಇದೆ. ಸಹಿಯ ವಿವರವನ್ನು ಹೆಸರು, ಸಂಖ್ಯೆ ಸಮೇತ ಓದುವಂತೆ ತೋರಿಸಲು ಅದು ದಾರಿ ಮಾಡಿಕೊಡುತ್ತದೆ. ಆ ಹೆಸರುಗಳನ್ನು ಕನ್ನಡದಲ್ಲಿ ತೋರಿಸುವುದು ಕಷ್ಟದ ಕೆಲಸವಲ್ಲ, ಮನಸ್ಸು ಬೇಕು ಅಷ್ಟೆ.

ಒಂದು ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ತಕ್ಕಡಿಯೇ ತಪ್ಪಾಗಿದ್ದರೆ ಚೈನ್ ಆ ತಪ್ಪನ್ನೇ ಶಾಶ್ವತವಾಗಿ ಕಾಪಾಡುತ್ತದೆ. ತೂಕದ ಯಂತ್ರಕ್ಕೆ ಕಾನೂನು ಮಾಪನದವರ ಮುದ್ರೆ ಬೇಕೇ ಬೇಕು, ತೂಗುವಾಗ ಸರಕಿನವರು ಪಕ್ಕದಲ್ಲಿ ನಿಲ್ಲಲೇಬೇಕು. ಕ್ರಿಪ್ಟೋ ನಾಣ್ಯಕ್ಕೂ ಈ ಕೆಲಸಕ್ಕೂ ಸಂಬಂಧ ಕಲ್ಪಿಸಿಕೊಂಡು ಹಣ ಹಾಕಲು ಯಾರೂ ಹೊರಡಬಾರದು. ಅಂಥ ನಾಣ್ಯದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇದೆ, ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯಲೂ ಬರುವುದಿಲ್ಲ. ಪರೀಕ್ಷಾ ಚೈನ್‌ನಲ್ಲಿ ದಾಖಲೆ ಇಡಲು ನಾಣ್ಯ ಕೊಳ್ಳಬೇಕಾಗಿಲ್ಲ.

ಹಾಸನ, ಅರಸೀಕೆರೆ, ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇದು. ಏಜೆಂಟ್ ಜೋಡಿಸಿ, ಧಾರಾಳವಾಗಿ ಕೋಡ್ ಬರೆಸಿ, ಪರೀಕ್ಷಾ ಚೈನ್‌ನಲ್ಲಿ ಎಷ್ಟು ಬೇಕಾದರೂ ಆಡಿ. ಅದು ಬರೆದದ್ದನ್ನು ಸಾಲು ಸಾಲಾಗಿ ಓದಿ. ಕೀಲಿಯನ್ನು ಅದರ ಕೈಗೆ ಕೊಡಬೇಡಿ. ‘ವಿಶ್ವಸ್ಯ’ದಂಥ ಸರ್ಕಾರಿ ವೇದಿಕೆಗಳನ್ನು ಕಟ್ಟುತ್ತಿರುವವರಿಗೂ ಒಂದು ಮಾತು: ರೈತರ ಸಹಿ ಕೇಳುವ ಯಾವ ಪರದೆಯೂ ಕನ್ನಡದಲ್ಲಿ ಪೂರ್ತಿ ವಿವರ ತೋರಿಸದೆ ಬಳಕೆಗೆ ಬರಬಾರದು. ಈ ನಿಯಮವನ್ನು ವೇದಿಕೆಯೊಳಗೇ ಬರೆದುಬಿಡಿ.