ಬರ್ತೀನಿ ಅಂದ ದಿನ ಬರುವುದು

ಕಳಸದ ಹತ್ತಿರದ ಒಂದು ಪಂಚಾಯಿತಿ ಗ್ರಂಥಾಲಯ. ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಹದಿನಾಲ್ಕು ಜನ ಎದುರುಬದುರು ಕೂತಿದ್ದರು. ಒಬ್ಬರು ಎಸ್ಟೇಟಿನ ಲೆಕ್ಕ, ಹಾಜರಿ ಬರೆಯುವ ರೈಟರ್, ಒಬ್ಬರು ಹೊರನಾಡು ದಾರಿಯಲ್ಲಿ ಜೀಪ್ ಓಡಿಸುವವರು, ಒಬ್ಬರು ನಿವೃತ್ತ ಪೋಸ್ಟ್ ಮಾಸ್ಟರ್. ಇಬ್ಬರು ಆಶಾ ಕಾರ್ಯಕರ್ತೆಯರು, ಹೋಂಸ್ಟೇ ನಡೆಸುವ ಗಂಡ ಹೆಂಡತಿ. ಉಳಿದವರು ನನ್ನಂತೆ ಎರಡು ಮೂರು ಎಕರೆಯ ಸಣ್ಣ ಕಾಫಿ ಬೆಳೆಗಾರರು. ಎಲ್ಲರೂ ಊರಿನ ಹದಿಹರೆಯದ ಮಕ್ಕಳಿಗೆ ಒಂದು ವರ್ಷ ಜೊತೆಗಾರರಾಗಿರುತ್ತೇವೆ ಅಂತ ತಾವಾಗಿಯೇ ಮುಂದೆ ಬಂದವರು.

ಅವರ ತರಬೇತಿಯಲ್ಲಿ ನಾನು ಕೊಟ್ಟ ಮೊದಲ ಕೆಲಸ ಇಷ್ಟೇ. ಒಬ್ಬರು ತಮ್ಮ ನಿಜವಾದ ಒಂದು ಕಷ್ಟವನ್ನು ಐದು ನಿಮಿಷ ಹೇಳಬೇಕು, ಎದುರಿನವರು ಕೇಳಬೇಕು. ಸಲಹೆ ಕೊಡಬಾರದು. 'ನಮ್ಮನೇಲೂ ಹಿಂಗೇ ಆಗಿತ್ತು' ಅನ್ನಬಾರದು.

ಪೋಸ್ಟ್ ಮಾಸ್ಟರ್ ಶುರು ಮಾಡಿದರು. ಬೆಂಗಳೂರಿನಲ್ಲಿರುವ ಮಗ ಮೊದಲಿನ ಹಾಗೆ ಫೋನ್ ಮಾಡುವುದಿಲ್ಲವಂತೆ. ಒಂದು ನಿಮಿಷ ಆಗಿತ್ತೋ ಇಲ್ಲವೋ, ರೈಟರ್ ಬಾಯಿ ಹಾಕಿದರು: "ಸಾರ್, ನೀವೇ ಒಂದ್ಸಲ ಹೋಗಿ ಬಂದ್ಬಿಡಿ." ಪೋಸ್ಟ್ ಮಾಸ್ಟರ್ "ಹೂಂ, ಹೌದು" ಅಂದು ಕಿಟಕಿಯ ಕಡೆ ತಿರುಗಿದರು. ಮತ್ತೆ ಮಾತೇ ಹೊರಡಲಿಲ್ಲ.

ರೈಟರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆಗ ಅಲ್ಲಿದ್ದವರಿಗೆಲ್ಲ ಒಂದು ಸಂಗತಿ ಕಣ್ಣಿಗೆ ಕಟ್ಟಿತು. ಅರವತ್ತು ದಾಟಿದ ಮನುಷ್ಯನ ಮಾತೇ ಒಂದು ಸಲಹೆಗೆ ಹೀಗೆ ಒಳಗೆ ಸೇರಿಕೊಂಡರೆ, ಹದಿನಾಲ್ಕರ ಹುಡುಗಿಯ ಗತಿ ಏನು?

ಮಕ್ಕಳಿಗೆ ಮಾರ್ಗದರ್ಶನ ಮಾಡಲು ಒಳ್ಳೆಯ ಮನಸ್ಸು, ಒಂದಿಷ್ಟು ಅನುಭವ ಸಾಕು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಹೈಸ್ಕೂಲು ಟೀಚರಾಗಿ, ಗೈಡ್ ಕ್ಯಾಪ್ಟನ್ನಾಗಿ ಮೂರು ದಶಕ ಕಳೆದ ಮೇಲೆ ಹೇಳುತ್ತೇನೆ: ಅದು ಸಾಲದು. ಮಕ್ಕಳ ಬಳಿ ಹೋಗುವ ಮೊದಲು ದೊಡ್ಡವರು ಕಲಿಯಬೇಕಾದದ್ದು ಬಹಳ ಇದೆ.

ಅನ್ನ ಯಾಕೆ ಸೀಯಿತು?

ದೊಡ್ಡವರಿಗೆ ತರಬೇತಿ ಬೇಕು ಅನ್ನುವುದನ್ನು ಬಹಳ ಹಿಂದೆಯೇ ಕಂಡುಕೊಂಡದ್ದು ಸ್ಕೌಟ್ ಚಳವಳಿ. ನಮ್ಮ ದೇಶಕ್ಕೆ ಸ್ಕೌಟಿಂಗ್ ಬಂದದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮೂಲಕ. ಹುಡುಗರ ತಂಡಗಳು ಎಲ್ಲ ಕಡೆ ಬೇಗ ಬೇಗ ಹುಟ್ಟಿಕೊಂಡವು, ನಡೆಸುವವರಿಗೆ ಮಾತ್ರ ತಯಾರಿ ಇರಲಿಲ್ಲ. ಅದಕ್ಕಾಗಿ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1919ರ ಸೆಪ್ಟೆಂಬರ್‌ನಲ್ಲಿ ಲಂಡನ್ ಸಮೀಪದ ಗಿಲ್‌ವೆಲ್ ಪಾರ್ಕ್‌ನಲ್ಲಿ ನಾಯಕರಿಗೇ ಶಿಬಿರ ಶುರು ಮಾಡಿದರು. 1950ರ ನವೆಂಬರ್ 7ರಂದು ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಅದೇ ಕ್ರಮವನ್ನು ಉಳಿಸಿಕೊಂಡಿದೆ. ಮೊದಲು ಬೇಸಿಕ್, ನಂತರ ಅಡ್ವಾನ್ಸ್ಡ್, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್. ದೇಶಕ್ಕೆಲ್ಲ ಪಚ್‌ಮಢಿಯಲ್ಲಿ ತರಬೇತಿ ಕೇಂದ್ರವಿದ್ದರೆ, ನಮ್ಮ ರಾಜ್ಯದವರಿಗೆ ದಾವಣಗೆರೆ ಸಮೀಪದ ಕೊಂಡಜ್ಜಿಯ ಹೆಸರು ಚೆನ್ನಾಗಿ ಗೊತ್ತು.

ನಾನು 1988ರಲ್ಲಿ ಏಳು ದಿನದ ಬೇಸಿಕ್ ಕೋರ್ಸಿಗೆ ಹೋದೆ. ಪುಸ್ತಕ, ಪೆನ್ನು ಹಿಡಿದು ಪಾಠ ಕೇಳಲು ಹೋದವಳನ್ನು 'ಮಲ್ಲಿಗೆ' ಅನ್ನುವ ಪೆಟ್ರೋಲಿಗೆ, ಅಂದರೆ ಸಣ್ಣ ತಂಡಕ್ಕೆ, ಹಾಕಿದರು. ಎಂಟು ಜನ ಟೀಚರ್‌ಗಳು ನಾವು. ಮಕ್ಕಳ ಹಾಗೆ ಬೆಳಿಗ್ಗೆ ಧ್ವಜದ ಕೆಳಗೆ ಸಾಲು ನಿಲ್ಲಬೇಕು, ಗಂಟು ಹಾಕುವುದು ಕಲಿಯಬೇಕು, ಸೌದೆ ತಂದು ಅಡುಗೆ ಮಾಡಿಕೊಳ್ಳಬೇಕು. ಎರಡನೇ ದಿನ ನಮ್ಮ ಅನ್ನ ತಳ ಹಿಡಿದು ಸೀದುಹೋಯಿತು. ಕೋರ್ಸ್ ನಡೆಸುತ್ತಿದ್ದ ಅಕ್ಕ ಪಕ್ಕದಲ್ಲೇ ಇದ್ದರು. ವಾಸನೆ ಅವರ ಮೂಗಿಗೂ ಬಂದಿರಲೇಬೇಕು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೇ ಇದ್ದರು.

ರಾತ್ರಿ ಶಿಬಿರಾಗ್ನಿಯ ಹತ್ತಿರ ಬಂದು ಕೂತು, "ಅನ್ನ ಯಾಕೆ ಸೀಯಿತು?" ಅಂದರು. 'ಯಾರು ಸೀಯಿಸಿದ್ದು' ಅಂತ ಕೇಳಲಿಲ್ಲ. 'ಯಾಕೆ' ಅಂದದ್ದಕ್ಕೆ ನಾವೇ ಹೇಳಿಕೊಂಡೆವು: ಸೌದೆ ಹಸಿ, ಊದುವುದರಲ್ಲೇ ಎಲ್ಲರ ಗಮನ, ಪಾತ್ರೆ ನೋಡುವವರು ಯಾರೆಂದು ಮಾತಾಡಿಕೊಂಡಿರಲಿಲ್ಲ. 'ಯಾರು' ಅಂದಿದ್ದರೆ ಎಂಟು ಜನರೂ ಒಬ್ಬರ ಮೇಲೆ ಒಬ್ಬರು ಹಾಕುತ್ತಿದ್ದೆವು. ಮರುದಿನದಿಂದ ನಮ್ಮ ಅನ್ನ ಸೀಯಲಿಲ್ಲ.

ಬೆನ್ನ ಹಿಂದೆ ಕಟ್ಟಿದ ಆ ಕೈಗಳು ನನಗೆ ಕಲಿಸಿದ್ದನ್ನು ನಾನು ಈಗ ಸ್ವಯಂಸೇವಕರಿಗೆ ಕಲಿಸುತ್ತೇನೆ. ಕಾಫಿಯವರಿಗೆ ಇದು ಮರಗಸಿಯ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ, ಲೆಕ್ಕದಲ್ಲಿ ಬೇಗ ಅರ್ಥವಾಗುತ್ತದೆ. ನೆರಳು ಪೂರ್ತಿ ತೆಗೆದರೆ ಅರೇಬಿಕಾಕ್ಕೆ ಕಾಂಡಕೊರಕ ಬೀಳುತ್ತದೆ. ಕೊಂಬೆ ಕಡಿಯದೆ ಬಿಟ್ಟರೆ ಗಿಡ ಸೊಪ್ಪಾಗಿ ಬೆಳೆಯುತ್ತದೆ, ಫಸಲು ಬಿಡುವುದಿಲ್ಲ. ಯಾವ ಕೊಂಬೆ, ಯಾವಾಗ, ಎಷ್ಟು ಅನ್ನುವುದು ಪ್ರತಿ ವರ್ಷ ಮರದ ಕೆಳಗೆ ನಿಂತು ನೋಡಿಯೇ ತೀರ್ಮಾನವಾಗಬೇಕು.

ಮೂರು ಶನಿವಾರ

ನನ್ನ ಒಂದು ತಪ್ಪನ್ನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ.

ಬಯಲುಸೀಮೆಯಿಂದ ಕೊಯ್ಲಿಗೆ ಬಂದು ಎಸ್ಟೇಟಿನ ಲೈನ್ ಮನೆಯಲ್ಲೇ ನೆಲೆ ನಿಂತ ಕುಟುಂಬದ ಹುಡುಗಿ. ಎಂಟನೇ ತರಗತಿಯಲ್ಲಿದ್ದರೂ ಕೂಡಿಸಿ ಓದುತ್ತಿದ್ದಳು. 'ಶನಿವಾರ ಮಧ್ಯಾಹ್ನ ಉಳ್ಕೋ, ನಾವಿಬ್ರೂ ಓದೋಣ' ಅಂದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ನಡೆಯಿತು. ಜನವರಿಯಲ್ಲಿ ನಮ್ಮ ರೋಬಸ್ಟಾ ಕೊಯ್ಲಿಗೆ ಬಂತು. ಆಳು ಸಿಗಲಿಲ್ಲ, ಕಣದಲ್ಲಿ ಹರವಿದ ಹಣ್ಣು ಬಿಟ್ಟು ಬರುವ ಹಾಗಿರಲಿಲ್ಲ. ಶನಿವಾರ ಗಂಟೆ ಹೊಡೆದ ಕೂಡಲೇ ಮನೆಗೆ ಓಡುತ್ತಿದ್ದೆ. ಅವಳಿಗೆ ಏನೂ ಹೇಳಲಿಲ್ಲ. ಮರೆತದ್ದಲ್ಲ, ಮುಂದಿನ ವಾರ ಸರಿಹೋಗುತ್ತದೆ ಅಂದುಕೊಳ್ಳುತ್ತಲೇ ಇದ್ದೆ.

ಒಂದು ತಿಂಗಳ ಮೇಲೆ ಶಾಲೆಯ ಅಡುಗೆಯವರು ಹೇಳಿದರು: "ಆ ಹುಡ್ಗಿ ಮೂರು ಶನಿವಾರ ಮೆಟ್ಲ ಮೇಲೆ ಕೂತಿದ್ಲು ಟೀಚರ್. ಆಮೇಲೆ, ಟೀಚರಿಗೆ ನನ್ನ ಮೇಲೆ ಬೇಜಾರಾಗಿದೆ, ನಾನು ಏನೋ ತಪ್ಪು ಮಾಡಿದೀನಿ ಅಂತಿದ್ಲು."

ಅವಳು ಮತ್ತೆ ನನ್ನ ಹತ್ತಿರ ಓದಲು ಕೂರಲಿಲ್ಲ. ದೊಡ್ಡವರು ಕೈಬಿಟ್ಟರೆ ಮಕ್ಕಳು ಕಾರಣವನ್ನು ತಮ್ಮೊಳಗೇ ಹುಡುಕುತ್ತಾರೆ. ಇದು ನನಗೆ ಗೊತ್ತಾದದ್ದು ಆ ಮಗುವಿನ ನೋವಿನಿಂದ.

ಅಮೆರಿಕದಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿ 1904ರಿಂದ ಬೇರು ಬಿಟ್ಟಿರುವ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಎಂಬ ವ್ಯವಸ್ಥೆಯಲ್ಲಿ ಒಂದು ಮಗುವಿಗೆ ಒಬ್ಬ ಹಿರಿಯ ಜೊತೆಗಾರರು. 10ರಿಂದ 16 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷ ದಾಟಿದ ಜೊತೆಗಳಲ್ಲಿ ಮಕ್ಕಳಿಗೆ ಹೆಚ್ಚು ಒಳಿತಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೊತೆಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ತಮಗಿದ್ದ ಗೌರವವೇ ಕುಗ್ಗಿತ್ತು. ಅರ್ಧಕ್ಕೆ ಬಿಡುವುದಾದರೆ ಶುರು ಮಾಡದಿರುವುದೇ ಮೇಲು.

ಹಾಗಾಗಿ ನಮ್ಮ ತರಬೇತಿಯ ಎರಡನೇ ಕೆಲಸ ಒಂದು ಕ್ಯಾಲೆಂಡರ್. ಪ್ರತಿಯೊಬ್ಬರೂ ತಮ್ಮ ವರ್ಷವನ್ನು ಬರೆಯಬೇಕು. ಜೂನ್‌ನಲ್ಲಿ ಶಾಲೆ ಶುರು. ಜುಲೈ, ಆಗಸ್ಟ್ ಮಳೆ: ಕರೆಂಟ್ ಇಲ್ಲ, ರಸ್ತೆ ಕುಸಿತ, ಮಳೆ ರಜೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಹಿಂದೆಯೇ ರೋಬಸ್ಟಾ. ಮಾರ್ಚ್‌ನಲ್ಲಿ ಹೂಮಳೆಗೆ ಕಾಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಇದರಲ್ಲಿ ನೀವು ಬರಲಾಗದ ವಾರಗಳು ಯಾವುವು? ಈಗಲೇ ಗುರುತು ಮಾಡಿ, ಮಗುವಿಗೂ ತಾಯಿಗೂ ಈಗಲೇ ಹೇಳಿ. ತಿಂಗಳಿಗೆ ಎರಡೇ ದಿನ ಸಾಧ್ಯವಾದರೆ ಎರಡೇ ಹೇಳಿ. ನಾಲ್ಕು ಹೇಳಿ ಎರಡು ಬರುವುದು ಬೇಡ.

ಯಾರಿಗೆ ಯಾರು

ಕಾಫಿ ನಾಡಿಗೇ ಸೇರಿದ ಒಂದು ಎಚ್ಚರಿಕೆ ಇದೆ. ತೋಟದ ಮಾಲೀಕರನ್ನಾಗಲಿ, ರೈಟರನ್ನಾಗಲಿ, ಮೇಸ್ತ್ರಿಯನ್ನಾಗಲಿ ಅವರದೇ ತೋಟದ ಕೆಲಸಗಾರರ ಮಗುವಿಗೆ ಜೊತೆ ಮಾಡುವುದಿಲ್ಲ. ಅಪ್ಪನ ಹಾಜರಿ ಹಾಕುವವರ ಎದುರು ಮಗು 'ಇವತ್ತು ನನಗೆ ಬರಕ್ಕೆ ಇಷ್ಟ ಇಲ್ಲ' ಅನ್ನಲಾರದು. ಬೇಡ ಅನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಸ್ನೇಹವೂ ಇಲ್ಲ.

ಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟ ಇಡುವವರಿಗೂ ನೇರವಾಗಿ ಹೇಳುತ್ತೇನೆ: ಮೊದಲು ಆ ಲೋಟದ ವಿಷಯ ಇತ್ಯರ್ಥ ಮಾಡಿಕೊಂಡು ಬನ್ನಿ. ಮಗು ಪುಸ್ತಕಕ್ಕಿಂತ ಮೊದಲು ಓದುವುದು ಅದನ್ನೇ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳಿದ್ದರೆ ಅವರ ಮಾತಿನ ಹತ್ತು ಶಬ್ದವನ್ನಾದರೂ ಅವರಿಂದಲೇ ಕಲಿಯಿರಿ. ಒಂದು ಸಲ ಆ ಮಗುವೇ ಟೀಚರಾಗಲಿ.

ಮಂದಣ್ಣನನ್ನು ಕಂಡವರು

ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಕಾದಂಬರಿ 1980ರಲ್ಲಿ ಬಂತು. ಊರವರು ಕೆಲಸಕ್ಕೆ ಬಾರದವನು ಅಂದುಕೊಂಡಿದ್ದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಒಬ್ಬ ಹುಟ್ಟು ಪ್ರಕೃತಿ ಶಾಸ್ತ್ರಜ್ಞನನ್ನು ಕಾಣುತ್ತಾರೆ. ಆ ಕಣ್ಣು ಬೇಕು. ಅದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು ಅನ್ನುವುದು ನನ್ನ ಅನುಭವ.

ಅದಕ್ಕೇ ಮೂರನೇ ಕೆಲಸ: ಮೊದಲ ತಿಂಗಳು ಮುಗಿಯುವುದರೊಳಗೆ, ನಿಮಗೆ ಗೊತ್ತಿಲ್ಲದ, ಮಗುವಿಗೆ ಗೊತ್ತಿರುವ ಐದು ಸಂಗತಿ ಬರೆದು ತನ್ನಿ. ಜೀಪಿನವರ ಜೊತೆಗಿದ್ದ ಹುಡುಗ ಒಂಬತ್ತನೇ ತರಗತಿಯಲ್ಲಿ ಎರಡು ಸಲ ಕೂತವನು. ಜೀಪಿನವರು ಬರೆದು ತಂದ ಪಟ್ಟಿ ಹೀಗಿತ್ತು: ಆನೆ ರಾತ್ರಿ ಹೋಯಿತೋ ಬೆಳಗಿನ ಜಾವವೋ ಅಂತ ಲದ್ದಿ ನೋಡಿ ಹೇಳುತ್ತಾನೆ. ಯಾವ ಹುತ್ತದಲ್ಲಿ ಅಣಬೆ ಏಳುತ್ತದೆ ಅಂತ ಗೊತ್ತು. ಪಲ್ಪರ್ ಯಂತ್ರದ ಸದ್ದು ಕೇಳಿ ಬೆಲ್ಟ್ ಸಡಿಲ ಅನ್ನುತ್ತಾನೆ. ಮೂರು ಭಾಷೆ ಮಾತಾಡುತ್ತಾನೆ. ತಂಗಿಗೆ ಜಡೆ ಹಾಕುತ್ತಾನೆ. ಪಟ್ಟಿ ಓದಿ ಮುಗಿಸಿ ಅವರೇ ಅಂದರು: "ಇವನನ್ನ ದಡ್ಡ ಅಂತ ನಾನೂ ಅಂದ್ಕೊಂಡಿದ್ದೆ ಟೀಚರ್."

ಮಗುವಿನ ಶಕ್ತಿ ಕಂಡಮೇಲೆ ದಾರಿಯ ಮಾತು. ಇಲ್ಲಿ ಭಾಷಣಕ್ಕಿಂತ ಕಾಗದ ಪತ್ರ ಮುಖ್ಯ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಏನೇನು ಒಯ್ಯಬೇಕು? ವಿದ್ಯಾರ್ಥಿವೇತನ ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ? ಹಾಸ್ಟೆಲ್ ಅರ್ಜಿ ಯಾವಾಗ? ಐಟಿಐಗೂ ಡಿಪ್ಲೊಮಾಗೂ ವ್ಯತ್ಯಾಸ ಏನು? ತರಬೇತಿಯಲ್ಲಿ ಪ್ರತಿ ಸ್ವಯಂಸೇವಕರೂ ಒಂದು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ತುಂಬಿ ನೋಡಬೇಕು. ಆಮೇಲೆ ಮಗು ತುಂಬುವಾಗ ಪಕ್ಕದಲ್ಲಿ ಕೂರಬೇಕು, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಗುಟ್ಟಿನ ಮಾತು ಕೊಡಬೇಡಿ

ಕೆಲವು ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಭೇಟಿ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲೇ ಆಗಬೇಕು: ಗ್ರಂಥಾಲಯ, ಶಾಲೆಯ ಜಗಲಿ, ವಾಲಿಬಾಲ್ ಅಂಗಳ. ನಿಮ್ಮ ಮನೆಯಲ್ಲಿ ಒಬ್ಬರೇ ಇರುವಾಗ ಬೇಡ, ನಿಮ್ಮ ಗಾಡಿಯಲ್ಲಿ ಒಂಟಿಯಾಗಿ ಬೇಡ. ಮಗುವಿಗೆ ರಾತ್ರಿ ವಾಟ್ಸಾಪ್ ಬೇಡ. ಫೋನ್ ಮಾಡಿದರೆ ಮನೆಯವರಿಗೆ ಗೊತ್ತಿರಲಿ. ದುಡ್ಡು, ಮೊಬೈಲ್ ಕೊಡುಗೆ ಬೇಡ. ಒಳ್ಳೆಯವರಿಗೆ ಇಷ್ಟೆಲ್ಲ ಯಾಕೆ ಅಂತ ಒಬ್ಬಿಬ್ಬರು ಕೇಳಿಯೇ ಕೇಳುತ್ತಾರೆ. ಒಳ್ಳೆಯವರು ಈ ನಿಯಮ ಪಾಲಿಸಿದರೆ ಕೆಟ್ಟವರಿಗೆ ಅಡಗಿಕೊಳ್ಳಲು ಜಾಗ ಇರುವುದಿಲ್ಲ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂತ ಮಗು ಕೇಳಿದರೆ ಆಣೆ ಮಾಡಬಾರದು. 'ನಿನಗೆ ಅಪಾಯ ಇದೆ ಅಂತ ಅನ್ನಿಸಿದರೆ ಸಹಾಯ ಮಾಡುವವರಿಗೆ ಹೇಳಬೇಕಾಗುತ್ತದೆ, ನಿನಗೆ ತಿಳಿಸಿಯೇ ಹೇಳುತ್ತೇನೆ' ಅನ್ನಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ 18ರ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲೂ ಇರಬೇಕು. ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ ಅದೇ ನಂಬರ್.

ಮನಸ್ಸಿನ ತೊಂದರೆಗೆ ನಾವೇ ವೈದ್ಯರಾಗುವುದು ಬೇಡ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ಕಟ್ಟಿದ 'ಯುವ ಸ್ಪಂದನ' ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ಯುವಜನರ ಮಾತು ಕೇಳುತ್ತಾರೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ. ಯಾವ ಬಾಗಿಲು ಎಲ್ಲಿದೆ ಅಂತ ತಿಳಿದಿದ್ದು, ಮಗುವನ್ನು ಅಲ್ಲಿಯವರೆಗೆ ಕರೆದೊಯ್ಯುವುದು ನಮ್ಮ ಕೆಲಸ.

ಬುಧವಾರ ನಾಲ್ಕೂವರೆ

ತರಬೇತಿಯ ಕೊನೆಗೆ ಪ್ರಮಾಣಪತ್ರ ಕೊಡುವುದಿಲ್ಲ. ಪ್ರತಿಯೊಬ್ಬರೂ ಒಂದು ರಟ್ಟಿನ ಚೀಟಿಯಲ್ಲಿ ದಿನ, ಗಂಟೆ ಬರೆದು ಗ್ರಂಥಾಲಯದ ಬೋರ್ಡಿಗೆ ಚುಚ್ಚುತ್ತಾರೆ. ಕೆಳಗೆ, ಬರಲಾಗದಿದ್ದರೆ ಯಾರ ಮೂಲಕ ಹೇಳಿ ಕಳಿಸುತ್ತಾರೆ ಅನ್ನುವುದು. ಜೀಪಿನವರು ಬರೆದಿದ್ದರು: 'ಬುಧವಾರ ನಾಲ್ಕೂವರೆ. ಗ್ರಂಥಾಲಯದ ಮೇಲ್ವಿಚಾರಕರಿಗೆ ಫೋನ್.'

ಜುಲೈನ ಒಂದು ಬುಧವಾರ ನಾನು ಅಲ್ಲೇ ಪತ್ರಿಕೆ ಓದುತ್ತಾ ಕೂತಿದ್ದೆ. ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಾಳೆ, ಜೀಪುಗಳು ಹೊರನಾಡಿನ ಕಡೆಯೇ ನಿಂತಿವೆ ಅಂತ ಸುದ್ದಿ ಬಂದಿತ್ತು. ನಾಲ್ಕೂವರೆಗೆ ನನ್ನ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಯಿತು. ಹುಡುಗ ಅಲ್ಲಿರಲಿಲ್ಲ. ಒಳಗೆ ಮೂಲೆಯಲ್ಲಿ ಕೂತು ಇಂಜಿನ್ನಿನ ಚಿತ್ರ ಇರುವ ಪುಸ್ತಕ ತಿರುವುತ್ತಿದ್ದ. ಒದ್ದೆ ಕೊಡೆ ಕುರ್ಚಿಗೆ ನೇತಾಡುತ್ತಿತ್ತು.

"ಕಾಯ್ತಿದೀಯೇನೋ?" ಅಂದೆ.

"ಇಲ್ಲ ಟೀಚರ್, ಅಣ್ಣ ಎರಡು ಗಂಟೆಗೇ ಹೇಳಿ ಕಳ್ಸಿದಾರೆ. ಹೊಳೆ ಇಳಿದ್ರೆ ನಾಳೆ ಬರ್ತಾರಂತೆ," ಅಂದ. ಪುಸ್ತಕದಿಂದ ತಲೆ ಎತ್ತದೆ ಹಾಳೆ ತಿರುವಿದ.