ಹೆಸರುಳಿದು ಮುಖವಳಿದವರು

ಒಬ್ಬ ವ್ಯಕ್ತಿಯ ತಲೆಯನ್ನು ಕಲ್ಲಿನಲ್ಲಿ ಕಡೆದು, ಬಲ್ಲವರು ಕಂಡೊಡನೆ ಗುರುತಿಸುವಂತೆ ಮಾಡುವ ಕಲೆಯಲ್ಲಿ ರೋಮನರನ್ನು ಮೀರಿಸಿದವರು ವಿರಳ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಅವರ ಶಿರಶ್ಶಿಲ್ಪಗಳಲ್ಲಿ ಬೋಳುನೆತ್ತಿ, ಜೋಲುಗೆನ್ನೆ, ಹಣೆಯ ಸುಕ್ಕು ಯಾವುದನ್ನೂ ಮರೆಮಾಚಿಲ್ಲ. ಹಿರಿಯರ ಮೇಣದ ಮುಖಗಳನ್ನು ಮನೆಯಲ್ಲಿರಿಸಿಕೊಂಡು, ಶವಯಾತ್ರೆಯಲ್ಲಿ ಅವನ್ನು ಮೆರೆಸುತ್ತಿದ್ದ ಜನ ಅವರು.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ವೀರಗಲ್ಲುಗಳನ್ನಾದರೋ ನೋಡಿ. ತುರುಗಾಳಗದಲ್ಲಿ ಮಡಿದವನಿಗೂ ಊರಳಿವಿನಲ್ಲಿ ಮಡಿದವನಿಗೂ ಹೆಚ್ಚುಕಡಿಮೆ ಒಂದೇ ಮುಖ. ಇದು ಶಿಲ್ಪಿಯ ಅಸಾಮರ್ಥ್ಯವೆನ್ನುವವರಿದ್ದಾರೆ, ನಾನು ಒಪ್ಪಲಾರೆ. ಗುರುತು ಹೇಳುವ ಕೆಲಸವನ್ನು ನಮ್ಮವರು ಅಕ್ಷರಕ್ಕೆ ಒಪ್ಪಿಸಿದ್ದರು. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಬೌದ್ಧಸ್ತೂಪದ ಫಲಕದಲ್ಲಿ ಅಶೋಕನಿದ್ದಾನೆ. ಅವನು ಗತಿಸಿ ಬಹುಕಾಲದ ಮೇಲೆ ಕಡೆದದ್ದು. ಅವನನ್ನು ಅಶೋಕನೆಂದು ತಿಳಿಸುವುದು ಮುಖವಲ್ಲ, ಬ್ರಾಹ್ಮೀಲಿಪಿಯ 'ರಾಯ ಅಸೋಕೋ' ಎಂಬ ಬರಹ.

ಅಕ್ಷರ ಏನನ್ನು ಮಾಡಬಲ್ಲದೆಂಬುದಕ್ಕೆ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರು ಶಾಸನವನ್ನು ಓದಬೇಕು. ಕಾಲ 1057. ದೇಕಬ್ಬೆಯ ಗಂಡ ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದು, ಆ ತಪ್ಪಿಗೆ ತಲಕಾಡಿನಲ್ಲಿ ಹತನಾಗುತ್ತಾನೆ. ಸುದ್ದಿ ಬರುತ್ತದೆ. ತಂದೆತಾಯಿಗಳು, ನೆಂಟರು ತಡೆಯುತ್ತಾರೆ. ಆಕೆ ಕೇಳದೆ ಉರಿಯನ್ನು ಹೊಗುತ್ತಾಳೆ. ಆ ಪದ್ಧತಿ ಇಂದು ನಮಗೆ ಸಹ್ಯವಲ್ಲ, ಆಗಬಾರದು ಕೂಡ. ಆದರೆ ಆ ಪದ್ಯಗಳಲ್ಲಿ ಎದ್ದು ನಿಲ್ಲುವ ಹೆಣ್ಣು ಇನ್ನೊಬ್ಬಳಲ್ಲ, ದೇಕಬ್ಬೆಯೇ. ಕಣ್ಣುಮೂಗುಗಳ ಲೆಕ್ಕವಿಲ್ಲದೆಯೇ ಇಷ್ಟು ಸಾಧ್ಯವಾಯಿತು.

ಇದೇ ಸೀಮೆಯ ಕೃಷ್ಣಶಿಲೆ ಇಂದು ಶಿಲ್ಪಿಗಳಿಗೆ ಅಚ್ಚುಮೆಚ್ಚು. ಕೇದಾರದಲ್ಲಿ 2021ರಲ್ಲಿ ಅನಾವರಣಗೊಂಡ ಶಂಕರಾಚಾರ್ಯರ ಪ್ರತಿಮೆಯನ್ನು ಕಡೆದವರು ಮೈಸೂರಿನ ಅರುಣ್ ಯೋಗಿರಾಜ್. ಶಂಕರರ ಮುಖವನ್ನು ಕಂಡು ಬರೆದಿಟ್ಟವರಿಲ್ಲ. ಅಲ್ಲಿ ಭಾವವೇ ಪ್ರಮಾಣ. ಫ್ರಾನ್ಸಿನ ರೋದಾನನೂ ತನ್ನ ಬಾಲ್ಯದಲ್ಲೇ ತೀರಿಹೋಗಿದ್ದ ಬಾಲ್ಜಾಕನನ್ನು ಹೀಗೆಯೇ ಕಲ್ಪಿಸಿಕೊಳ್ಳಬೇಕಾಯಿತು. 1898ರಲ್ಲಿ ಅದನ್ನು ಕಂಡು, ಮಾಡಿಸಿದವರೇ ಬೇಡವೆಂದರು!

ಹುಣಸೂರಿನ ದೇವರಾಜ ಅರಸರ ಪ್ರತಿಮೆಗೆ ಕೈಹಾಕಿದವನಿಗೆ ಈ ಸ್ವಾತಂತ್ರ್ಯವಿಲ್ಲ. 1982ರಲ್ಲಿ ತೀರಿಕೊಂಡ ಅವರನ್ನು ಹತ್ತಿರದಿಂದ ಬಲ್ಲವರು ಇನ್ನೂ ಇದ್ದಾರೆ, ಛಾಯಾಚಿತ್ರಗಳಂತೂ ಹೇರಳ. ತುಟಿಯ ಅಂಚು ಕೂದಲೆಳೆಯಷ್ಟು ತಪ್ಪಿದರೂ 'ಇವರು ನಮ್ಮ ಅರಸು ಅಲ್ಲ' ಎಂದುಬಿಟ್ಟಾರು. ನಾಳೆ ಯಾರಾದರೂ ದೇಕಬ್ಬೆಗೂ ಒಂದು ಪ್ರತಿಮೆ ಬೇಕೆಂದು ಹೊರಟರೆ, ಶಿಲ್ಪಿ ಯಾವ ಮುಖವನ್ನು ತಂದಾನು? ನನ್ನನ್ನು ಕೇಳಿದರೆ, ಆ ಹಣದಲ್ಲಿ ಬೆಳತೂರಿನ ಕಲ್ಲಿಗೆ ಒಂದು ನೆರಳು ಮಾಡಿ, ಪದ್ಯಗಳನ್ನು ಹೊಸಗನ್ನಡದಲ್ಲಿ ಪಕ್ಕದಲ್ಲಿ ಬರೆಸಿ ಎಂದೇನು.