ಬೇಲಿ ಎದ್ದು ಹೊಲ ಮೇಯ್ದಾಗ

ಎಬೋಲ ಎಂಬ ಹೆಸರು ಕೇಳಿದೊಡನೆ ಮೈಯೆಲ್ಲ ರಕ್ತ ಸುರಿದು ಸಾಯುವ ಮನುಷ್ಯನ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಕಾದಂಬರಿಕಾರರೂ ಚಲನಚಿತ್ರದವರೂ ಈ ಚಿತ್ರಕ್ಕೆ ಬೇಕಾದಷ್ಟು ಬಣ್ಣ ಬಳಿದಿದ್ದಾರೆ. ವಾಸ್ತವಾಂಶವೇ ಬೇರೆ. ಪಶ್ಚಿಮ ಆಫ್ರಿಕದಲ್ಲಿ 2014ರಿಂದ 2016ರ ವರೆಗೆ ಹಬ್ಬಿದ ಪಿಡುಗು ಸುಮಾರು 28,600 ಮಂದಿಗೆ ತಗುಲಿತು. 11,300ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಕಣ್ಣಿಗೆ ಕಾಣುವಂತೆ ರಕ್ತಸ್ರಾವವಾದವರು ಅರ್ಧಕ್ಕಿಂತ ಎಷ್ಟೋ ಕಡಮೆ. ಬಹುಮಂದಿಯ ಪ್ರಾಣ ಹೋದದ್ದು ವಾಂತಿಭೇದಿಗಳಿಂದ ಮೈಯ ನೀರು ಬತ್ತಿ, ರಕ್ತದ ಒತ್ತಡ ಕುಸಿದು, ಯಕೃತ್ತು ಮೂತ್ರಪಿಂಡಗಳು ಸೋತುದರಿಂದ. ಹಾಗಾದರೆ ಕಣ್ಣಿಗೆ ಕಾಣದ ಒಂದು ವಸ್ತು ಆಳೆತ್ತರದ ದೇಹವನ್ನು ಒಂದೆರಡು ವಾರಗಳಲ್ಲಿ ಕೆಡವುವುದು ಹೇಗೆ? ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉತ್ತರ ಆ ಕಟ್ಟುಕಥೆಗಳಿಗಿಂತ ಹೆಚ್ಚು ಭಯಂಕರವೆಂದೂ, ಹೆಚ್ಚು ಸ್ವಾರಸ್ಯವಾದುದೆಂದೂ ನನಗೆ ತೋರುತ್ತದೆ.

ಕಥೆ ಮೊದಲಾಗುವುದು ಆಗ ಝೈರ್ ಎಂದು ಕರೆಯುತ್ತಿದ್ದ ಕಾಂಗೋ ದೇಶದ ಉತ್ತರಕ್ಕಿರುವ ಯಾಂಬುಕು ಎಂಬ ಹಳ್ಳಿಯಲ್ಲಿ, 1976ರಲ್ಲಿ. ಅಲ್ಲಿ ಬೆಲ್ಜಿಯಂ ದೇಶದ ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಸ್ಪತ್ರೆಯಿತ್ತು. ಮಲೇರಿಯ ಇರಬಹುದೆಂದು ಬಗೆದು ಒಬ್ಬ ಶಾಲಾ ಉಪಾಧ್ಯಾಯನಿಗೆ ಅಲ್ಲಿ ಸೂಜಿಮದ್ದು ಕೊಟ್ಟರು. ದಿನ ಬೆಳಗಾದರೆ ದಾದಿಯರ ಕೈಗೆ ಬರುತ್ತಿದ್ದುದು ಐದೇ ಸಿರಿಂಜುಗಳು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬಿಸಿನೀರಿನಲ್ಲಿ ಜಾಲಿಸಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ಬಡತನದ ಆಸ್ಪತ್ರೆಗಳಲ್ಲಿ ಅಂದು ಇದು ಅಪೂರ್ವವೇನಲ್ಲ. 318 ಮಂದಿ ರೋಗಕ್ಕೆ ತುತ್ತಾದರು. 280 ಮಂದಿ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ತೀರಿಕೊಂಡಾಗ ಅದರ ಬಾಗಿಲು ಮುಚ್ಚಿತು. ಕೇವಲ ಸೂಜಿಯ ಮೂಲಕವೇ ಸೋಂಕು ತಗುಲಿಸಿಕೊಂಡವರಲ್ಲಿ ಬದುಕಿದವರು ಒಬ್ಬರೂ ಇಲ್ಲ.

ಕಾಂಗೋ ದೇಶದವರೇ ಆದ ಝಾನ್-ಝಾಕ್ ಮುಯೆಂಬೆ ಎಂಬ ತರುಣ ವೈದ್ಯರು ಆ ಹಳ್ಳಿಗೆ ಹೋಗಿ, ಕೈಗವಸೂ ಇಲ್ಲದೆ ರೋಗಿಗಳ ರಕ್ತ ತೆಗೆದರು. ಸೂಜಿ ಹೊರಗೆಳೆದ ಮೇಲೂ ಆ ಗಾಯಗಳಿಂದ ರಕ್ತ ಹರಿದು ಅವರ ಬೆರಳುಗಳೆಲ್ಲ ತೊಯ್ದವಂತೆ. ಸೋಪು ನೀರಿನಲ್ಲಿ ಕೈ ತೊಳೆದುಕೊಂಡರು. ಅವರು ಉಳಿದದ್ದು ನಮ್ಮ ಪುಣ್ಯ. ಒಬ್ಬ ಸಂನ್ಯಾಸಿನಿಯ ರಕ್ತ ಸಾಧಾರಣವಾದ ಥರ್ಮಾಸ್ ಫ್ಲಾಸ್ಕಿನಲ್ಲಿ, ಪ್ರಯಾಣಿಕರ ವಿಮಾನದಲ್ಲಿಯೇ, ಬೆಲ್ಜಿಯಂನ ಆಂಟ್‌ವರ್ಪ್ ನಗರಕ್ಕೆ ಹೋಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹುಳುವಿನಂತೆ ಬಳುಕಿದ ನೀಳವಾದ ಎಳೆ. ಹೊಸ ವೈರಸ್ಸಿಗೆ ಊರಿನ ಹೆಸರಿಟ್ಟರೆ ಊರಿಗೆ ಕಳಂಕ ತಟ್ಟೀತೆಂದು, ಆ ಸೀಮೆಯಲ್ಲಿ ಹರಿಯುವ ಎಬೋಲ ಎಂಬ ನದಿಯ ಹೆಸರನ್ನು ಆರಿಸಿಕೊಂಡರು. (ಸೊರಬ ತಾಲ್ಲೂಕಿನ ನಮ್ಮ ಕ್ಯಾಸನೂರಿಗೆ ಈ ಭಾಗ್ಯ ಇರಲಿಲ್ಲ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದಾಗ ಕಂಡುಕೊಂಡ ವೈರಸ್ಸು ಇಂದಿಗೂ ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಆ ಊರಿನ ಹೆಸರನ್ನೇ ಹೊತ್ತಿದೆ.)

ಆ ಎಳೆಯ ದಪ್ಪ ನಮ್ಮ ಕೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲು. ಅದರ ಬಂಡವಾಳ ಏಳೇ ಜೀನುಗಳು. ಈ ದರಿದ್ರ ಬಂಡವಾಳದಲ್ಲಿ ಅದು ನಡೆಸುವ ವ್ಯಾಪಾರವನ್ನು ನೋಡಬೇಕು! ದೇಹವನ್ನು ಹೊಕ್ಕೊಡನೆ ಅದು ಮೊದಲು ಅರಸುವುದು ಭಕ್ಷಕ ಕಣಗಳನ್ನು. ಪರಕೀಯವಾದುದನ್ನೆಲ್ಲ ನುಂಗಿ ಅರಗಿಸಿಕೊಳ್ಳುವುದಕ್ಕಾಗಿಯೇ ದೇಹ ಇಟ್ಟುಕೊಂಡಿರುವ ಕಾವಲುಗಾರರನ್ನು. ಕಣ ವೈರಸ್ಸನ್ನು ನುಂಗುತ್ತದೆ. ಒಳಗಿನ ಪಾಚಕರಸಗಳು ಅದರ ಮೇಲ್ಮೈಯ ಪ್ರೋಟೀನನ್ನು ಕತ್ತರಿಸುತ್ತವೆ. ಆದರೆ ಹೀಗೆ ಕತ್ತರಿಸಿದಾಗಲೇ ಅಡಗಿದ್ದ ಕೀಲಿಕೈ ಹೊರಗೆ ಬರುತ್ತದೆ. ಜೀವಕೋಶದೊಳಗೆ ಕೊಲೆಸ್ಟರಾಲನ್ನು ಸಾಗಿಸುವ ಎನ್‌ಪಿಸಿ1 ಎಂಬ ಪ್ರೋಟೀನೇ ಅದಕ್ಕೆ ಬೀಗ. ಇದು ಗೊತ್ತಾದದ್ದು 2011ರಲ್ಲಿ. ಶತ್ರುವನ್ನು ಕೊಲ್ಲಲು ಎತ್ತಿದ ಕತ್ತಿ ಅವನ ಕಟ್ಟನ್ನೇ ಬಿಚ್ಚಿತೆನ್ನಬೇಕು.

ಒಳಹೊಕ್ಕ ಮೇಲೆ ಮೊದಲ ಕೆಲಸ ಡಂಗುರವನ್ನು ಅಡಗಿಸುವುದು. ಸೋಂಕು ತಗುಲಿದ ಜೀವಕೋಶ ಇಂಟರ್ಫೆರಾನ್ ಎಂಬ ದ್ರವ್ಯವನ್ನು ಹೊರಡಿಸಿ ನೆರೆಯ ಕೋಶಗಳನ್ನು ಎಚ್ಚರಿಸುವುದು ವಾಡಿಕೆ. ವೈರಸ್ಸಿನ ಒಂದು ಪ್ರೋಟೀನು ಈ ದ್ರವ್ಯ ಹುಟ್ಟದಂತೆ ಮಾಡಿದರೆ, ಮತ್ತೊಂದು ಪ್ರೋಟೀನು ಹುಟ್ಟಿದ ಸಂದೇಶ ಕೋಶಕೇಂದ್ರವನ್ನು ಮುಟ್ಟದಂತೆ ತಡೆಯುತ್ತದೆ. ಈ ಮೌನದಲ್ಲಿ ವೈರಸ್ಸು ಯಥೇಚ್ಛವಾಗಿ ಬೆಳೆಯುತ್ತದೆ. ಕೆಲವು ದಿನಗಳ ಮೇಲೆ ಭಕ್ಷಕ ಕಣಗಳು ಕೂಗಿಕೊಳ್ಳುವುದೇನೋ ನಿಜ. ಆದರೆ ಆಗ ಅದು ಎಚ್ಚರಿಕೆಯ ಕೂಗಲ್ಲ, ಉನ್ಮಾದದ ಕೂಗು. ಅವು ಸುರಿಸುವ ರಾಸಾಯನಿಕಗಳಿಂದ ರಕ್ತನಾಳಗಳ ಗೋಡೆ ಸೋರತೊಡಗುತ್ತದೆ. ಅವುಗಳ ಮೈಮೇಲೆ ಮೂಡುವ ಒಂದು ವಸ್ತುವಿನಿಂದ ಸಣ್ಣ ಸಣ್ಣ ನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ಹೀಗೆ ವ್ಯರ್ಥವಾಗಿ ಮುಗಿದುಹೋಗಿರುವುದರಿಂದಲೇ ಗಾಯವಾದೆಡೆಯಲ್ಲಿ ರಕ್ತ ನಿಲ್ಲುವುದಿಲ್ಲ. ಮುಯೆಂಬೆಯವರ ಬೆರಳು ತೊಯ್ದದ್ದು ಇದರಿಂದ. ಇನ್ನೂ ವಿಚಿತ್ರವೆಂದರೆ, ರೋಗನಿರೋಧದ ಭಾರ ಹೊತ್ತ ಲಿಂಫೊಸೈಟುಗಳನ್ನು ಈ ವೈರಸ್ಸು ಹೊಗುವುದೇ ಇಲ್ಲ. ಆದರೂ ಅವು ರಾಶಿರಾಶಿಯಾಗಿ ತಾವಾಗಿ ಸಾಯುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ಆದರೂ ಬದುಕುವವರಿದ್ದಾರೆ. ಸಕಾಲದಲ್ಲಿ ಎಚ್ಚೆತ್ತ ಅವರ ದೇಹ ವೈರಸ್ಸನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ಮಾಡಿಕೊಂಡಿರುತ್ತದೆ. 1995ರಲ್ಲಿ ಕಾಂಗೋದ ಕಿಕ್ವಿಟ್ ನಗರದಲ್ಲಿ ರೋಗ ಮತ್ತೆ ತಲೆಯೆತ್ತಿತು. ಮುಯೆಂಬೆಯವರೂ ಅವರ ಸಂಗಡಿಗರೂ ಬದುಕಿ ಉಳಿದವರ ರಕ್ತವನ್ನು ಎಂಟು ರೋಗಿಗಳಿಗೆ ಏರಿಸಿದರು. ಏಳು ಮಂದಿ ಬದುಕಿದರು. ಪಿಡುಗಿನ ಕೊನೆಯ ದಿನಗಳಲ್ಲಿ ಶುಶ್ರೂಷೆಯೂ ಉತ್ತಮಗೊಂಡಿತ್ತು, ಎಂಟು ಜನರಿಂದ ಏನೂ ಸಿದ್ಧವಾಗದು ಎಂದು ಪಂಡಿತರು ತಲೆಯಾಡಿಸಿದರು. ಶಾಸ್ತ್ರದ ದೃಷ್ಟಿಯಿಂದ ಆ ಆಕ್ಷೇಪ ನ್ಯಾಯವಾದುದೇ. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಕಿಕ್ವಿಟ್‌ನಲ್ಲಿ ಬದುಕಿ ಉಳಿದ ಒಬ್ಬರ ರಕ್ತದಿಂದ, ಹನ್ನೊಂದು ವರ್ಷಗಳಾದ ಮೇಲೆ, ಒಂದು ಪ್ರತಿಕಾಯವನ್ನು ಬೇರ್ಪಡಿಸಲು ಸಾಧ್ಯವಾಯಿತು. ಅದು ಹೋಗಿ ಕೂರುವುದು ವೈರಸ್ಸಿನ ಆ ಕೀಲಿಕೈಯ ಮೇಲೆಯೇ. ಬಳಿಕ ಬೀಗ ತೆರೆಯದು.

ಪೂರ್ವ ಕಾಂಗೋದಲ್ಲಿ 2018ರಲ್ಲಿ ರೋಗ ಹಬ್ಬಿದಾಗ, ನಾಲ್ಕು ಔಷಧಿಗಳನ್ನು ಕ್ರಮಬದ್ಧವಾಗಿ ಹೋಲಿಸಿ ನೋಡಿದ ಪರೀಕ್ಷೆಯಲ್ಲಿ ಗೆದ್ದ ಎರಡರಲ್ಲಿ ಇದೂ ಒಂದು. ಇದನ್ನು ಪಡೆದವರಲ್ಲಿ ನೂರಕ್ಕೆ ಸುಮಾರು 35 ಮಂದಿ ಸತ್ತರು. ಸೋತ ಔಷಧಿಗಳಲ್ಲಿ ಆ ಸಂಖ್ಯೆ 50ರ ಆಸುಪಾಸು. ರಕ್ತದಲ್ಲಿ ವೈರಸ್ಸು ಇನ್ನೂ ವಿರಳವಾಗಿದ್ದಾಗಲೇ ಮದ್ದು ಪಡೆದವರಲ್ಲಿ ಸತ್ತವರು ನೂರಕ್ಕೆ ಹತ್ತು. ವೈರಸ್ಸು ತುಂಬಿಹೋದ ಮೇಲೆ ಪಡೆದವರಲ್ಲಿ ಎಪ್ಪತ್ತು. ಯುದ್ಧದಿಂದ ಜರ್ಜರಿತವಾದ, ಹೊರಗಿನಿಂದ ಬಂದ ವೈದ್ಯರನ್ನು ಸಂಶಯದಿಂದ ಕಾಣುತ್ತಿದ್ದ ಆ ಸೀಮೆಯ ರೋಗಿಗಳು ಈ ಪರೀಕ್ಷೆಗೆ ಸೇರುವ ವೇಳೆಗೆ, ಕಾಯಿಲೆ ಬಿದ್ದು ಸರಾಸರಿ ಐದು ದಿನಗಳು ಕಳೆದಿದ್ದವು.